ಹುಲಿಗೆವ್ವನಿಗೆ ನಾನು ಓದಿ ಹೇಳಿದ್ದು

ಹುಲಿಗೆವ್ವನಿಗೆ ಓದಲು ಬರುತ್ತಿರಲಿಲ್ಲ. ಆ ಧೈರ್ಯದ ಮೇಲೆ ನಾನು ಅವಳೆದುರು ಒಂದು ಸರಕಾರಿ ಕಾಗದ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿ ಹೇಳಿದೆ — ಒಮ್ಮೆಯಲ್ಲ, ಅವಳು ಕೇಳಿಕೊಂಡಳೆಂದು ಎರಡು ಸಲ. ಅವಳು ನಂಬಿದಳು. ನಂಬಿ ಕಸುಬು ಕಳೆದುಕೊಂಡಳು, ಮನೆ ಕಳೆದುಕೊಂಡಳು, ಊರು ಬಿಟ್ಟಳು. ಎಂಟು ವರ್ಷ ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ.

ನನ್ನದು ಯಲಬುರ್ಗಾ ಕಡೆಯ ಎರೆ ಹೊಲದ ಊರು. ಆಗ ಅದು ಹೈದರಾಬಾದ್ ಸಂಸ್ಥಾನದಲ್ಲಿತ್ತು, ಸರಕಾರದ ಬರಹವೆಲ್ಲ ಉರ್ದು. ಉರ್ದು ಓದಿಕೊಂಡಿದ್ದರಿಂದ ಗಂಗಾವತಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಹಂಗಾಮಿ ಮಾಸ್ತರಿಕೆ ಸಿಕ್ಕಿತು. ಆಗ ನನಗೆ ಇಪ್ಪತ್ತನಾಲ್ಕು. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಅಲ್ಲಿಯ ಅನ್ನ ಹೊಟ್ಟೆಗೆ ನಿಲ್ಲುತ್ತಿರಲಿಲ್ಲ. ಮೊದಲ ತಿಂಗಳು ಊರಿಗೆ ಓಡಿಹೋಗುವ ವಿಚಾರವೇ ಇತ್ತು. ಹೋಗದಂತೆ ಹಿಡಿದು ನಿಲ್ಲಿಸಿದವರು ಮೇದಾರ ಓಣಿಯವರು.

ಅದು ಊರಿಗೆ ಸ್ವಲ್ಪ ದೂರ, ಸಾಣಾಪುರದ ದಾರಿಯಲ್ಲಿ, ದೊಡ್ಡ ಬಂಡೆಗಳ ಸಂದಿಯಲ್ಲಿದ್ದ ಹನ್ನೊಂದು ಮನೆಗಳ ಓಣಿ. ಬಿದಿರು ಸೀಳಿ ಬುಟ್ಟಿ, ಮೊರ, ಕಣಜ ಹೆಣೆಯುವ ಜನ. ಹೊಳೆ ದಾಟಿಸುವ ಅಂಬಿಗರಿಗೆ ಹರಗೋಲು ಹೆಣೆದು ಕೊಡುವವರೂ ಅವರೇ. ಚರ್ಮ ಹೊದಿಸುವ ಕೆಲಸ ಬೇರೆಯವರದು. ಬಿದಿರಿನ ಆ ದುಂಡನೆಯ ಗೂಡು ಮಾತ್ರ ಇವರ ಕೈಯದು. ಸುಗ್ಗಿಯಲ್ಲಿ ರೈತರು ಕೊಡುವ ಭತ್ತವೇ ಅವರ ವರ್ಷದ ಗಳಿಕೆ. ಯಾರಿಗೂ ಒಂದು ಗೇಣು ಹೊಲವಿರಲಿಲ್ಲ. ಆದರೂ ನಾನು ಹೋದಾಗಲೆಲ್ಲ ಯಾರದೋ ಮನೆಯಲ್ಲಿ ನನಗೆಂದೇ ಎರಡು ಜೋಳದ ರೊಟ್ಟಿ ಬಡಿದಿರುತ್ತಿದ್ದರು. ಆ ಹಿಟ್ಟು ಎಲ್ಲಿಂದ ತರುತ್ತಿದ್ದರೋ — ನಾನು ಕೇಳಲೇ ಇಲ್ಲ.

ಎರಡನೆಯ ಮಹಾಯುದ್ಧ ಶುರುವಾಗಿ ವರ್ಷವಾಗಿತ್ತು. ಮಂದಿ ಎಣಿಸುವ ಕೆಲಸ ಬಂತು. ಮನೆಮನೆಗೆ ಹೋಗಿ ಹೆಸರು, ವಯಸ್ಸು, ಆಡುಮಾತು, ಕಸುಬು ಬರೆಯಬೇಕು. ಸ್ವಂತ ದುಡಿದು ಉಣ್ಣುವವರೋ, ಇನ್ನೊಬ್ಬರ ಆಸರೆಯಲ್ಲಿರುವವರೋ ಎಂದೂ ಬರೆಯಬೇಕು. ಬರವಣಿಗೆ ಉರ್ದುವಿನಲ್ಲಿ. ಮೇದಾರ ಓಣಿ ನನ್ನ ಪಾಲಿಗೆ ಬಂದಾಗ ನನಗೆ ಹಬ್ಬದಷ್ಟು ಖುಷಿಯಾಯಿತು.

ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಪ್ಲೇಗು ಬಂದ ವರ್ಷ ಎದೆಹಾಲು ಕುಡಿಯುತ್ತಿದ್ದೆ ಎನ್ನುವವನೊಬ್ಬ. ಹೊಳೆ ಬಂದು ಕೆಳಗಿನ ಮನೆ ಕೊಚ್ಚಿಕೊಂಡು ಹೋದಾಗ ನನ್ನ ಲಗ್ನವಾಗಿತ್ತು ಎನ್ನುವವಳೊಬ್ಬಳು. ಓಣಿಯೇ ಕೂತು ವಾದ ಮಾಡಿ, ಒಬ್ಬೊಬ್ಬರ ವಯಸ್ಸು ಗೊತ್ತುಮಾಡಿ ನನಗೆ ಹೇಳುತ್ತಿತ್ತು. ಸಣ್ಣೆವ್ವ ಎಂಬ ತಾಯಿ ತನಗೆ ನಾಲ್ಕು ಮಕ್ಕಳೆಂದಳು. ಅಂಗಳದಲ್ಲಿ ಮೂವರಿದ್ದರು. ನಾಲ್ಕನೆಯದು ಹಿಂದಿನ ಮಳೆಗಾಲದಲ್ಲಿ ತೀರಿಹೋಗಿತ್ತೆಂದು ಪಕ್ಕದವಳು ಸನ್ನೆ ಮಾಡಿದಳು. ನಾನು ಮೂರೇ ಬರೆದೆ. ಆದರೆ ಬರೆದದ್ದನ್ನು ಓದಿ ಹೇಳಿರೆಂದು ಅವಳು ಕೇಳಿದಾಗ, ತೀರಿದ ಮಗುವಿನ ಹೆಸರನ್ನೂ ಸೇರಿಸಿ ನಾಲ್ಕು ಓದಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆ ಸುಳ್ಳಿಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಇಲ್ಲದ್ದನ್ನು ಓದುವುದು ಎಷ್ಟು ಸುಲಭ ಎಂಬುದು ನನಗೆ ಅಲ್ಲಿಯೇ ತಿಳಿಯಿತು ಅನ್ನಿಸುತ್ತದೆ.

ಹನ್ನೊಂದನೆಯ ಮನೆ ಹುಲಿಗೆವ್ವನದು. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಗಂಡ ಜ್ವರದಲ್ಲಿ ಸತ್ತು ನಾಲ್ಕು ವರ್ಷವಾಗಿತ್ತು. ಗಂಗಿ ಎಂಬ ಒಬ್ಬಳೇ ಮಗಳು. ಹರಗೋಲು ಹೆಣೆಯುವುದು ಗಂಡಸರ ಕೆಲಸವೆಂದು ಓಣಿಯ ರೂಢಿ. ಗಂಡನ ಪಕ್ಕದಲ್ಲಿ ಕೂತು ನೋಡಿ ನೋಡಿಯೇ ಕಲಿತಿದ್ದ ಅವಳು, ಅವನು ಹೋದ ಮೇಲೆ ಯಾರನ್ನೂ ಕೇಳದೆ ಹೆಣೆಯಲು ಕೂತಳು. ಅವಳ ಹರಗೋಲು ನೀರಿನಲ್ಲಿ ಓಲಾಡದೆ ಕೂಡುತ್ತದೆಂದು ಅಂಬಿಗರು ಆನೆಗೊಂದಿಯಿಂದ ಬರುತ್ತಿದ್ದರು. ಅವಳ ಭಾವ ಮಾರೆಪ್ಪ ಓಣಿಯ ಹಿರಿಯ. ಅವನಿಗೆ ಕೈ ನಡುಗುವ ಬೇನೆ. ಅವಳು ಹೆಣೆದದ್ದನ್ನು ಅವನು ಮಾರಿಕೊಂಡು ಬರುತ್ತಿದ್ದ. ಬಂದ ಭತ್ತದಲ್ಲಿ ಎರಡೂ ಮನೆ ಉಣ್ಣುತ್ತಿದ್ದವು. ಹಾಗೆಂದು ಅವನು ಕೆಟ್ಟವನಲ್ಲ. ತಮ್ಮ ಸತ್ತಾಗ ಅವಳನ್ನೂ ಮಗುವನ್ನೂ ವರ್ಷದವರೆಗೆ ಸಾಕಿದವನು ಅವನೇ.

ನಾನು ಬರೆಯಲು ಕೂತಾಗ ಅವಳು ಕೆಲಸ ನಿಲ್ಲಿಸಲಿಲ್ಲ. ಬಿದಿರಿನ ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸುತ್ತಲೇ ಕೇಳಿದಳು.

“ನನ್ನ ಹೆಸರಿನ ಮುಂದ ಏನ ಬರೀತೀರಿ, ಮಾಸ್ತರ್ರ?”

ನೀವೇ ಹೇಳ್ರಿ ಎಂದೆ.

“ಈ ಮನಿ ನಂದು, ಈ ಕೆಲಸ ನಂದು. ಹಂಗಽ ಬರೀರಿ. ಮಂದಿ ಬಾಯಾಗ ನಾನು ಸತ್ತ ಗಂಡನ ಹೇಂತಿ ಅಷ್ಟಽ ಅದೀನಿ. ಒಂದು ಕಾಗದದಾಗರ ನಾನು ಏನು ಅದೀನೋ ಅದು ಇರ್ಲಿ.”

ಬರೆದೆ. ಹಾಗೆಯೇ ಬರೆದೆ — ಮನೆಯ ಯಜಮಾನಿ, ಕಸುಬು, ಹರಗೋಲು ಮತ್ತು ಬುಟ್ಟಿ ಹೆಣೆಯುವುದು, ಸ್ವಂತ ದುಡಿಮೆ. ಇಷ್ಟಕ್ಕೇ ನಿಂತಿದ್ದರೆ ನಾನು ಇಂದು ಇದನ್ನು ಬರೆಯಬೇಕಾಗಿರಲಿಲ್ಲ.

ನಾಲ್ಕು ದಿನದ ಮೇಲೆ ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ನಮ್ಮ ಬರಹ ತಪಾಸಣೆ ಮಾಡಲು ಊರ ಚಾವಡಿಗೆ ಬಂದರು. ಹುಲಿಗೆವ್ವನ ಸಾಲಿನ ಮೇಲೆ ಅವರ ಬೆರಳು ನಿಂತಿತು. ಭಾವನಿರುವಾಗ ಹೆಂಗಸು ಬೇರೆ ಮನೆಯ ಯಜಮಾನಿ ಹೇಗಾಗುತ್ತಾಳೆ ಎಂದು ಕೇಳಿದರು. ಚಾವಡಿಯ ಕೆಳಗೆ ನಿಂತಿದ್ದ ಮಾರೆಪ್ಪನನ್ನು ಕರೆದು, ಅವಳಿಗೆ ಅನ್ನ ಹಾಕುವವರು ಯಾರು ಎಂದರು. ಸುತ್ತ ಹತ್ತು ಮಂದಿ ಗಂಡಸರಿದ್ದರು. ತಮ್ಮನ ಹೆಂಡತಿಯ ದುಡಿಮೆಯಲ್ಲಿ ಉಣ್ಣುತ್ತೇನೆ ಎಂದು ಆ ಹತ್ತು ಮಂದಿಯ ಮುಂದೆ ಹೇಗೆ ಹೇಳಿಯಾನು — “ನಾವಽ ಹಾಕ್ತೀವ್ರಿ” ಎಂದ.

ಸಾಹೇಬರು ನನ್ನ ಕಡೆ ತಿರುಗಿದರು. ಗದರಿಸಲಿಲ್ಲ, ಹೆದರಿಸಲಿಲ್ಲ, ಅದನ್ನು ಹೇಳಲೇಬೇಕು. ಸಮಾಧಾನದಿಂದಲೇ ಕೇಳಿದರು.

“ಮಾಸ್ತರ್, ನೀವು ಕಣ್ಣಾರೆ ನೋಡೀರಿ. ಯಾವುದು ಖರೇ?”

ನಾನು ಹೇಳಿದೆ, “ಅವರು ಹೇಳಿದ್ದಽ ಖರೇ ಇರಬೇಕ್ರಿ.”

ಆ ಒಂದು ಮಾತು. ಹಂಗಾಮಿ ನೌಕರಿ ಕಾಯಂ ಆಗುವುದರಲ್ಲಿತ್ತು, ಮಾರೆಪ್ಪನ ಮುಖ ನೋಡಲಾಗಲಿಲ್ಲ — ಇಂಥವು ಎಷ್ಟು ಹೇಳಿಕೊಂಡರೂ ಆ ಮಾತು ಆಡಿದ್ದು ನನ್ನ ನಾಲಿಗೆ. ಅಲ್ಲಿಯೇ ಕೂತು ಅವಳ ಸಾಲನ್ನು ಹೊಡೆದುಹಾಕಿ, ಅವಳನ್ನೂ ಗಂಗಿಯನ್ನೂ ಮಾರೆಪ್ಪನ ಮನೆಯ ಕೆಳಗೆ ಬರೆದೆ. ಕಸುಬಿನ ಜಾಗದಲ್ಲಿ ಏನೂ ಇಲ್ಲ. ಪಕ್ಕದಲ್ಲಿ, ಅವಲಂಬಿತೆ ಎಂಬರ್ಥದ ಒಂದು ಉರ್ದು ಶಬ್ದ. ಹನ್ನೊಂದು ಮನೆಗಳ ಓಣಿ ಹತ್ತು ಮನೆಯದಾಯಿತು. ಚಾವಡಿಯಲ್ಲಿದ್ದ ಉಳಿದವರೆಲ್ಲ ಊರ ಮಂದಿ; ಮಾರೆಪ್ಪ ಇದನ್ನು ಓಣಿಯಲ್ಲಿ ಬಾಯಿ ಬಿಡಲಿಲ್ಲ.

ಮರುದಿನ ಅವಳು ಶಾಲೆಗೆ ಬಂದಳು. ಜೊತೆಗೆ ಸಣ್ಣೆವ್ವ, ಇನ್ನೂ ಇಬ್ಬರು ಹೆಂಗಸರು. ಕಾಗದ ಕಚೇರಿಗೆ ಹೋಗುವ ಮೊದಲು ತನ್ನದನ್ನು ಒಮ್ಮೆ ಓದಿ ಹೇಳಬೇಕೆಂದು ಕೇಳಿದಳು. ಆ ಹೆಂಗಸರಿಗೂ ಕೇಳಿಸಬೇಕಾಗಿತ್ತು. ನಾನು ಕಾಗದ ತೆಗೆದೆ. ಆಗಲೂ ನಿಜ ಹೇಳಬಹುದಾಗಿತ್ತು. ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಬಹುಶಃ ಗಿರ್ದಾವರರ ಬೆನ್ನು ಹತ್ತಿ ಹೋಗುತ್ತಿದ್ದಳು — ಕಾಗದ ಇನ್ನೂ ನನ್ನ ಕೈಯಲ್ಲೇ ಇತ್ತು. ಆದರೆ ನನಗೆ ಆ ಓಣಿಯ ಪ್ರೀತಿ ಬೇಕಾಗಿತ್ತು. ಅದು ಕಡಿಮೆಯಾಗುವುದನ್ನು ನಾನು ತಾಳಲಾರದವನಾಗಿದ್ದೆ. ಓದಿದೆ: “ಹುಲಿಗೆವ್ವ, ಮನೆಯ ಯಜಮಾನಿ. ಕಸುಬು, ಹರಗೋಲು ಮತ್ತು ಬುಟ್ಟಿ ಹೆಣೆಯುವುದು.”

ಅವಳ ಮುಖ ಅರಳಿತು. ಇನ್ನೊಮ್ಮೆ ಓದ್ರಿ ಎಂದಳು. ಇನ್ನೊಮ್ಮೆ ಓದಿದೆ, ಮೊದಲಿಗಿಂತ ಸ್ಪಷ್ಟವಾಗಿ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಯುದ್ಧದ ಬಿಸಿ ನಮ್ಮ ಕಡೆಗೂ ಬಂತು. ಬಿದಿರು ಸಿಗದಾಯಿತು. ಹೆಣೆಯುವ ಕಸುಬಿನ ಮನೆಗಳಿಗೆ ಮಾತ್ರ ಚೀಟಿ, ಚೀಟಿ ಇದ್ದವರಿಗೆ ಮಾತ್ರ ಬಿದಿರು ಎಂದಾಯಿತು. ಯಾವ ಮನೆಯ ಕಸುಬು ಏನೆಂದು ನೋಡಲು ಕಚೇರಿಯವರು ತೆಗೆದದ್ದು ನಮ್ಮ ಎಣಿಕೆಯಿಂದ ಇಳಿಸಿಕೊಂಡ ಪಟ್ಟಿಯನ್ನೇ. ಹತ್ತು ಮನೆಗೆ ಚೀಟಿ ಬಂದವು.

ಹುಲಿಗೆವ್ವ ಗಂಗಾವತಿಗೆ ನಡೆದು ಹೋದಳು. ನನ್ನ ಹೆಸರು ಐತಿ, ನಮ್ಮ ಮಾಸ್ತರು ಎರಡು ಸಲ ಓದಿ ಹೇಳ್ಯಾರ ಎಂದು ಕಚೇರಿಯ ಬಾಗಿಲಲ್ಲಿ ದಿನವಿಡೀ ನಿಂತಳಂತೆ. ಗುಮಾಸ್ತ ಪಟ್ಟಿ ತಿರುವಿ, ಇಂಥ ಮನೆಯೇ ಇಲ್ಲ ಎಂದನಂತೆ. ಅವಳು ನಕ್ಕು, ನಿನಗ ಓದಾಕ ಬರಂಗಿಲ್ಲ ಎಂದು ಅವನಿಗೇ ಹೇಳಿ ಬಂದಳು. ಓಣಿಯಲ್ಲೂ ಅದನ್ನೇ ಹೇಳಿದಳು. ನಂತರ ನನ್ನ ಬಳಿ ಬಂದು, ಒಂದು ದಿನ ಜೊತೆಗೆ ಬಂದು ಆ ಗುಮಾಸ್ತನಿಗೆ ಆ ಸಾಲು ತೋರಿಸಿ ಕೊಡ್ರಿ ಎಂದಳು.

ಶಾಲೆಯ ತಪಾಸಣೆ ಇದೆ, ರಜೆ ಸಿಗುವುದಿಲ್ಲ ಎಂದೆ. ತಪಾಸಣೆ ಇರಲಿಲ್ಲ.

ಮಾರೆಪ್ಪ ತನ್ನ ಚೀಟಿಯ ಬಿದಿರನ್ನು ಅವಳಿಗೆ ಕೊಡುತ್ತೇನೆಂದ, ಹೆಣೆದದ್ದೆಲ್ಲ ತನ್ನ ಮನೆಯದು ಎಂಬ ಕರಾರಿನ ಮೇಲೆ. ಅವಳು ಒಪ್ಪಲಿಲ್ಲ. ಆ ಚಳಿಗಾಲದಲ್ಲಿ ಗಂಗಿಯ ಕೈ ಹಿಡಿದು ಹೊಳೆ ದಾಟಿ, ಇಂಗ್ಲಿಷರ ಆಡಳಿತದಲ್ಲಿದ್ದ ಕಂಪ್ಲಿಗೆ ಹೋದಳು. ಹೋಗುವ ಮುಂಚೆ ನನಗೆ ಹೇಳಲು ಬಂದಿದ್ದಳು. ನಾನು ಗೋಡೆಯ ಕಡೆ ನೋಡುತ್ತ ನಿಂತೆ. ಅವಳೇ ನನಗೆ ಸಮಾಧಾನ ಮಾಡಿದಳು: “ನೀವು ನನ್ನ ಹೆಸರು ಬರದಿದ್ರಿ, ಅದಽ ಸಾಕು. ಓದದವರ ತಪ್ಪಿಗೆ ನೀವ್ಯಾಕ ಮಾರಿ ಸಣ್ಣದು ಮಾಡ್ತೀರಿ?”

ಮುಂದೆ ನನ್ನ ನೌಕರಿ ಕಾಯಂ ಆಯಿತು, ಕುಷ್ಟಗಿಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದರು. ಮೇದಾರ ಓಣಿಯನ್ನು ನೆನೆದಾಗಲೆಲ್ಲ ಮನಸ್ಸು ಬೆಚ್ಚಗಾಗುತ್ತಿತ್ತು. ಅದರ ಬೆನ್ನಿಗೇ ಹನ್ನೊಂದನೆಯ ಮನೆ ನೆನಪಾಗುತ್ತಿತ್ತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, ಮತ್ತೊಂದು ಎಣಿಕೆ ಬರುತ್ತದೆ, ಅನುಭವವಿದ್ದವರು ಹೆಸರು ಕೊಡಿ ಎಂದು ಮೇಲಿನವರು ಕೇಳಿದರು. ನಾನು ಹೆಸರು ಕೊಡುವ ಮೊದಲು ರಜೆ ಹಾಕಿ ಕಂಪ್ಲಿಗೆ ಹೋದೆ.

ಅವಳನ್ನು ಹುಡುಕಲು ಅರ್ಧ ದಿನ ಹಿಡಿಯಿತು. ಭತ್ತದ ನಾಟಿಗೆ ಕೂಲಿ ಹೋಗಿ ಹೋಗಿ ಬೆನ್ನು ಬಾಗಿತ್ತು. ಕೂಲಿ ಇಲ್ಲದ ದಿನ ಯಾರದೋ ಅಂಗಡಿಯ ಜಗುಲಿಯಲ್ಲಿ ಅವರ ಬಿದಿರಿನಲ್ಲಿ ಮೊರ ಹೆಣೆಯುತ್ತಿದ್ದಳು. ಹರಗೋಲಿನ ಕೆಲಸ ಅಲ್ಲಿ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ನನ್ನನ್ನು ಕಂಡದ್ದೇ ಅವಳು ಜಗುಲಿಯ ಮೇಲಿದ್ದವರಿಗೆಲ್ಲ, ಇವರಽ ನೋಡ್ರಿ ನನ್ನ ಹೆಸರು ಸರಕಾರದಾಗ ಬರದ ಮಾಸ್ತರು ಎಂದಳು. ಗಂಗಿಯ ಮದುವೆಯಾಗಿ ಮೊಮ್ಮಗಳು ಬಂದದ್ದನ್ನು ಹೇಳಿದಳು. ನನ್ನ ಹೆಂಡತಿಗೆ ಎಂಥ ಮೊರ ಬೇಕೆಂದು ಕೇಳಿದಳು.

ನಾನು ಹೇಳಿದೆ. ನಿಂತೇ ಹೇಳಿದೆ — ಚಾವಡಿಯದು, ಓದಿದ್ದು, ಇಲ್ಲದ ತಪಾಸಣೆಯದು.

ಅವಳ ಕೈ ನಿಂತಿತು. ಕೇಳಿದಳು.

“ಹಂಗಾರ ಖರೇ ಏನ ಬರದಿದ್ರಿ?”

“ಅವಲಂಬಿತೆ ಅಂತ.”

“ಅಂದ್ರ?”

ಅದರ ಅರ್ಥವನ್ನು ಅವಳ ಮುಖ ನೋಡಿ ಹೇಳಬೇಕಾಯಿತು. “ಇನ್ನೊಬ್ಬರು ದುಡಿದು ಹಾಕಿದ್ದನ್ನ ಉಂಡು ಬದುಕಾಕಿ ಅಂತ, ಅಕ್ಕಾ.”

ಅವಳು ಅಳಲಿಲ್ಲ. ಹೆಣೆಯುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. “ನನ್ನ ಒಬ್ಬಾಕಿ ಮುಂದ ಹೇಳಿದ್ರ ಆಗಂಗಿಲ್ಲ. ನಮ್ಮ ಮಂದಿ ಮುಂದ ಹೇಳ್ರಿ” ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಹೊಳೆ ದಾಟಿದೆವು. ಓಣಿಯ ಬೇವಿನ ಗಿಡದ ಕೆಳಗೆ ಎಲ್ಲರೂ ಸೇರಿದರು. ಹಾಸಿಗೆ ಹಿಡಿದಿದ್ದ ಮಾರೆಪ್ಪನನ್ನೂ ಎತ್ತಿ ತಂದು ಕೂರಿಸಿದರು. ನಾನು ಮತ್ತೆ ಎಲ್ಲವನ್ನೂ ಹೇಳಿದೆ. ಮಾರೆಪ್ಪ ತಲೆ ತಗ್ಗಿಸಿ, “ಮೊದಲು ಸುಳ್ಳು ಹೇಳಿದಾವ ನಾನು. ಮಾಸ್ತರ್ರನ್ನ ಅಷ್ಟಽ ಅನಬ್ಯಾಡ್ರಿ” ಎಂದ. ಉಳಿದವರು ನನ್ನನ್ನು ಬೈಯುತ್ತಾರೆಂದು ಕಾದೆ. ಯಾರೂ ಬೈಯಲಿಲ್ಲ. ಆಗಿಹೋದದ್ದು, ನಡೀರಿ ಉಣ್ಣೋಣ ಎಂದರು. ಸಣ್ಣೆವ್ವ ಆಗಲೇ ರೊಟ್ಟಿ ಬಡಿಯಲು ಕೂತಿದ್ದಳು. ಆ ಪ್ರೀತಿಯನ್ನು ಉಳಿಸಿಕೊಳ್ಳಲೆಂದೇ ನಾನು ಸುಳ್ಳು ಓದಿದ್ದು. ನಿಜ ಹೇಳಿದರೂ ಅದು ಒಂದು ಚೂರೂ ಕಡಿಮೆಯಾಗಲಿಲ್ಲ. ಹಾಗಾದರೆ ನಾನು ಎಂಟು ವರ್ಷ ಕಾಯ್ದದ್ದು ಏನನ್ನು —

ಹುಲಿಗೆವ್ವ ಊಟಕ್ಕೆ ಕೂಡಲಿಲ್ಲ. ಅವಳ ಮನೆ ಇದ್ದಲ್ಲಿ ಮಣ್ಣಿನ ಗುಡ್ಡೆ ಇತ್ತು. ಅದರ ಸುತ್ತ ಒಮ್ಮೆ ನಡೆದು ಬಂದಳು. ಇಲ್ಲೇ ಉಳಿ ಎಂದು ಹೆಂಗಸರು ಸೆರಗು ಹಿಡಿದರು. ಮೊಮ್ಮಗಳು ಅಲ್ಲಿ ಅದಾಳ ಎಂದು ಬಿಡಿಸಿಕೊಂಡಳು. ನಾನು ಹೊಳೆಯವರೆಗೆ ಅವಳ ಹಿಂದೆ ನಡೆದೆ. ಹರಗೋಲು ಹತ್ತುವ ಮೊದಲು, “ನನ್ನಿಂದ ತಪ್ಪಾತು, ಅಕ್ಕಾ” ಎಂದೆ. ಇರಲಿ ಬಿಡ್ರಿ ಎಂಬ ಮಾತು ಅವಳ ಬಾಯಿಂದಲೂ ಬರುತ್ತದೆಂದು ಒಳಗೊಳಗೇ ಆಸೆಯಿತ್ತು.

ಅವಳು ನನ್ನನ್ನು ನೆಟ್ಟಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ಹೌದ್ರಿ ಮಾಸ್ತರ್ರ. ತಪ್ಪಾತು” ಎಂದಳು. ಹರಗೋಲಿಗೆ ಕಾಲಿಟ್ಟು, ಆಚೆ ದಂಡೆಯ ಕಡೆ ಮುಖ ಮಾಡಿ ಕೂತಳು.