ಡೆಲ್ಮರ್ ವರ್ಜೀನಿಯಾ ಬಿಟ್ಟ ದಿನ

ಮೆಕ್ಸಿಕೋದ ಅಹಿಹಿಕ್‌ನಲ್ಲಿ ಯಾರ ಮನೆಯ ದೀಪ ಮಿಣುಕಿದರೂ, ಯಾರ ಫೋನು ಗೊರಗೊರ ಎಂದರೂ ಹೆಂಗಸರು ಮೊದಲು ಆಡುವ ಮಾತು ಒಂದೇ: "ದೊನ್ ದೆಲ್ಮಾರ್‌ಗೆ ಹೇಳಿ ಕಳಿಸಿ."

ಅವನು ಬರುತ್ತಾನೆ. ಎಪ್ಪತ್ತೊಂದು ವರ್ಷದ, ಕೊಕ್ಕರೆಕಾಲಿನ ಮನುಷ್ಯ. ಪೂರ್ತಿ ಹೆಸರು ಡೆಲ್ಮರ್ ರೆಕ್ಸ್‌ರೋಡ್. ಅದನ್ನು ನೆಟ್ಟಗೆ ಹೇಳುವ ನಾಲಿಗೆ ನಮ್ಮ ಬೀದಿಯಲ್ಲಿಲ್ಲ. ಬಂದ ತಕ್ಷಣ ಕೈಹಾಕುವವನಲ್ಲ. ಅಂಗಳದಲ್ಲಿ ನಿಂತು ತಂತಿ ಎಲ್ಲಿಂದ ಬಂದಿದೆ, ಎಲ್ಲಿಗೆ ಹೋಗಿದೆ ಎಂದು ಕತ್ತೆತ್ತಿ ನೋಡುತ್ತಾನೆ. ಆಮೇಲೆ ನಟ್ಟನಡುವೆ ಒಂದು ಕಡೆ ಬಿಚ್ಚಿ ಪರೀಕ್ಷೆ ಮಾಡುತ್ತಾನೆ. ಅಲ್ಲಿ ಜೀವ ಇದ್ದರೆ ಕೆಟ್ಟದ್ದು ಆಚೆಯ ಅರ್ಧದಲ್ಲಿ, ಇಲ್ಲದಿದ್ದರೆ ಈಚೆಯ ಅರ್ಧದಲ್ಲಿ. ಹೀಗೆ ಅರ್ಧದಲ್ಲಿ ಅರ್ಧ ಮಾಡುತ್ತ ಹೋಗಿ, ಕೊನೆಗೆ ಒಂದು ಗೇಣು ತಂತಿಯಲ್ಲಿ ಕಳ್ಳನನ್ನು ಹಿಡಿಯುತ್ತಾನೆ. ಅಮೆರಿಕದ ವರ್ಜೀನಿಯಾ ರಾಜ್ಯದ ಗುಡ್ಡಗಳಲ್ಲಿ ಮೂವತ್ತೊಂದು ವರ್ಷ ಟೆಲಿಫೋನ್ ಕಂಬ ಹತ್ತಿ ಕಲಿತ ವಿದ್ಯೆ ಅದು. ಕೂಲಿ ಕೇಳುವುದಿಲ್ಲ. ಊಟ ಹಾಕಿದರೆ ಉಣ್ಣುತ್ತಾನೆ, ಎರಡನೇ ಸಲ ಬಡಿಸಿದರೂ ಬೇಡ ಎನ್ನುವುದಿಲ್ಲ.

ನಮ್ಮ ಸರೋವರದ ದಂಡೆಗೆ ಅವನು ಬಂದದ್ದು ಎರಡು ಸಾವಿರದ ಹದಿನೈದರ ನವೆಂಬರಿನಲ್ಲಿ, ಹಳೇ ವ್ಯಾನೊಂದರಲ್ಲಿ. ಮದುವೆ ಆಗಿತ್ತು, ಮುರಿದಿತ್ತು. ಮಕ್ಕಳಿಲ್ಲ. ಹಿಮದಲ್ಲಿ ಕಂಬ ಹತ್ತಿ ಹತ್ತಿ ಮೊಣಕಾಲು ಸವೆದುಹೋಗಿತ್ತು. "ಒಂದು ಚಳಿಗಾಲ ಬಿಸಿಲು ಕಾಯಿಸ್ಕೊಂಡು ಹೋಗ್ತೀನಿ ದೋನ್ಯಾ" ಎಂದು ಎಲ್ಪಿದಿಯಾಳ ಹಿತ್ತಲ ಮನೆಯನ್ನು ಬಾಡಿಗೆಗೆ ಹಿಡಿದ. ಆ ಚಳಿಗಾಲ ಎಳೆದು ಎಳೆದು ಒಂಬತ್ತು ವರ್ಷವಾಯಿತು.

ದೋನ್ಯಾ ಎಂದರೆ ಇಲ್ಲಿ ಅಮ್ಮಾವರು, ದೊನ್ ಎಂದರೆ ಅಯ್ಯನವರು. ದೋನ್ಯಾ ಎಲ್ಪಿದಿಯಾಳದು ಬೀದಿಗೆ ಮುಖ ಮಾಡಿದ ಊಟದ ಮನೆ. ಎಪ್ಪತ್ತೆಂಟು ವರ್ಷ, ಎದೆಮಟ್ಟದ ಎತ್ತರ, ಸೇನಾಧಿಪತಿಯ ದನಿ. ಊಟದ ಮನೆಯ ಹಿಂದೆ ಅಂಗಳ, ಅಂಗಳದಾಚೆ ಎರಡು ಕೋಣೆಯ ಆ ಮನೆ. ಹೋದ ವರ್ಷ ಗ್ವಾದಲಹಾರ ನಗರದಲ್ಲಿರುವ ಅವಳ ಮಗಳು ಹಿತ್ತಲ ಜಾಗವನ್ನು ಹೋಟೆಲು ಕಟ್ಟುವವನೊಬ್ಬನಿಗೆ ಮಾರಿಬಿಡು ಎಂದು ಹಟ ಹಿಡಿದಳು. ಎಲ್ಪಿದಿಯಾ ಒಂದು ಗಡುವು ಹಾಕಿದಳು. ಈ ಡಿಸೆಂಬರ್ ಒಳಗೆ ದೆಲ್ಮಾರ್ ಕೊಂಡರೆ ಅವನಿಗೆ, ಇಲ್ಲದಿದ್ದರೆ ಹೋಟೆಲಿನವನಿಗೆ. ಡೆಲ್ಮರ್ ಬಳಿ ಆ ಮನೆಗೆ ಸರಿಯಾಗಿ ಆಗುವಷ್ಟು ಉಳಿತಾಯವಿತ್ತು. ಸರಿಯಾಗಿ ಅಷ್ಟೇ.

ಅಂಥ ಹೊತ್ತಿನಲ್ಲಿ, ಸೆಪ್ಟೆಂಬರಿನ ಒಂದು ಬುಧವಾರ, ಗಡಿಯಾಚೆ ಅಮೆರಿಕದ ಲರೇಡೋದ ಅಂಚೆ ಪೆಟ್ಟಿಗೆಯಿಂದ ಬರುವ ಚೀಲದಲ್ಲಿ ಅವನ ಹೆಸರಿಗೊಂದು ದಪ್ಪ ಲಕೋಟೆ ಬಂತು. ವರ್ಜೀನಿಯಾ ರಾಜ್ಯದ ತೆರಿಗೆ ಕಚೇರಿಯದು. ಮಾತು ವಿನಯದ್ದೇ. ಹಳೆಯದನ್ನು ಬಿಟ್ಟು ಹದಿನೆಂಟನೇ ಇಸವಿಯಿಂದ ನೋಡಿದರೂ, ನೀವು ಆರು ವರ್ಷ ರಾಜ್ಯಕ್ಕೆ ತೆರಿಗೆ ಲೆಕ್ಕ ಸಲ್ಲಿಸಿಲ್ಲ. ನೀವು ಇನ್ನೂ ನಮ್ಮ ಕಾಯಂ ನಿವಾಸಿ ಎಂದು ನಮಗೆ ತೋರುತ್ತದೆ. ಅಲ್ಲವಾದರೆ ಅಲ್ಲವೆಂದು ತೋರಿಸಿ, ಹೌದಾದರೆ ಆರೂ ವರ್ಷದ್ದನ್ನು ಕಟ್ಟಿ.

ಡೆಲ್ಮರ್ ಲಕೋಟೆಯನ್ನು ಹಿಡಿದುಕೊಂಡು ವರ್ನಾ ಸ್ಟಾಲ್ಕಪ್ ಇದ್ದಲ್ಲಿಗೆ ಬಂದ. ನೆಬ್ರಾಸ್ಕದ ಒಂದು ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದ ಈ ಹೆಂಗಸು ಪ್ರತಿದಿನ ಬೆಳಗ್ಗೆ ಎಲ್ಪಿದಿಯಾಳ ಊಟದ ಮನೆಯ ಕಿಟಕಿಯ ಮೇಜಿನಲ್ಲಿ ಕೂರುತ್ತಾಳೆ. ಊರಿನ ಅಮೆರಿಕದವರ ಕಾಗದಪತ್ರಗಳೆಲ್ಲ ಅವಳ ಕನ್ನಡಕದ ಕೆಳಗೆ ಹಾದು ಹೋಗಬೇಕು.

"ನಾನು ಪ್ರತಿವರ್ಷ ವಾಷಿಂಗ್ಟನ್‌ಗೆ ತಪ್ಪದೆ ಲೆಕ್ಕ ಕಳಿಸ್ತೀನಲ್ಲ ವರ್ನಾ. ಇದ್ಯಾವ ಹೊಸ ಅಪ್ಪ?"

"ವಾಷಿಂಗ್ಟನ್ ದೊಡ್ಡಪ್ಪ. ಇದು ಹೆತ್ತಪ್ಪ," ಎಂದಳು ವರ್ನಾ ಓದುತ್ತ. "ಒಂದೊಂದು ರಾಜ್ಯದ್ದು ಒಂದೊಂದು ಥರ. ನೀನು ಬಿಟ್ಟು ಬಂದ್ರೂ ಕೆಲವು ನಿನ್ನ ಬಿಡಲ್ಲ."

"ನಾನು ಮನೆ ಮಾರಿದೆ, ಸಾಮಾನು ತುಂಬ್ಕೊಂಡು ಬಂದೆ. ಇನ್ನೇನು ಮಾಡ್ಬೇಕಿತ್ತು?"

"ಮೈ ಎಲ್ಲಿದೆ ಅಂತ ಅವರು ಕೇಳಲ್ಲ ಕಣಯ್ಯ. ವಾಪಸ್ ಹೋಗೋ ಮನಸ್ಸು ಎಲ್ಲಿಗಿದೆ ಅಂತ ಕೇಳ್ತಾರೆ. ಹೊಸ ಕಡೆ ನೆಲೆ ನಿಂತೆ, ಹಳೇ ಕಡೆಗೆ ತಿರುಗಿ ಹೋಗಲ್ಲ, ಇವೆರಡೂ ಸೇರಿದ್ರೆ ಮಾತ್ರ ಬಿಟ್ಟ ಹಾಗೆ."

ಒಲೆಯ ಹತ್ತಿರ ತೊರ್ತಿಯಾ ರೊಟ್ಟಿ ತಟ್ಟುತ್ತಿದ್ದ ಎಲ್ಪಿದಿಯಾ ತಿರುಗಿದಳು. "ಏನಂತೆ?"

ವರ್ನಾ ಸ್ಪ್ಯಾನಿಷಿನಲ್ಲಿ ವಿವರಿಸಿದಳು.

"ಅಯ್ಯೋ ದೇವರೇ! ಒಂಬತ್ತು ವರ್ಷದಿಂದ ನನ್ನ ಅನ್ನ ತಿಂತಿದಾನೆ. ನಾನು ಕೇಳ್ಬೇಕಾದ್ದನ್ನ ಅವರು ಕೇಳ್ತಾರಾ? ದೆಲ್ಮಾರ್, ಬಾಡಿಗೆ ಚೀಟಿ ಎಲ್ಲಾ ಇಟ್ಟಿದೀಯಾ?"

"ಇದೆ ದೋನ್ಯಾ."

"ಮತ್ತೆ? ಬಿಸಾಕು ಅವರ ಮುಖಕ್ಕೆ!"

ಬಾಡಿಗೆ ಚೀಟಿ, ಇಲ್ಲಿನ ಕಾಯಂ ವಾಸದ ಕಾರ್ಡು, ಇಲ್ಲಿನ ವೈದ್ಯನ ಚೀಟಿಗಳು ಎಲ್ಲವೂ ಮೇಜಿನ ಮೇಲೆ ಬಂದವು. ವರ್ನಾ ಒಂದೊಂದನ್ನೇ ಜೋಡಿಸಿಡುತ್ತ ಖುಷಿಯಾದಳು. ಆಮೇಲೆ ಲಕೋಟೆಯ ಕೊನೆಯ ಹಾಳೆ ತಿರುಗಿಸಿದಳು. ಅವನು ನಿವಾಸಿಯೆಂಬುದಕ್ಕೆ ಕಚೇರಿ ಕೊಟ್ಟ ಪುರಾವೆಯ ಪಟ್ಟಿ ಅದು.

"ಡೆಲ್ಮರ್. ಮೀನು ಹಿಡಿಯೋ ಲೈಸೆನ್ಸಾ?"

ಅವನ ಕಿವಿ ಕೆಂಪಾಯಿತು.

ಅವರ ಗುಡ್ಡದೂರಿನಲ್ಲಿ ಹೊಸವರ್ಷದ ಮೊದಲ ದಿನ ಮನೆಯ ಗಂಡಸರೆಲ್ಲ ಹೋಗಿ ಆ ವರ್ಷದ ಲೈಸೆನ್ಸು ಬರೆಸಿಕೊಂಡು ಬರುವುದು ರೂಢಿ. ಮೀನು ಸಿಗಲಿ ಬಿಡಲಿ, ಚೀಟಿ ಜೇಬಿನಲ್ಲಿರಬೇಕು. ಹದಿನಾರನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿಲ್ಲ ಎಂದೇ ಡೆಲ್ಮರ್‌ನ ಎಣಿಕೆ. ಇಲ್ಲಿಗೆ ಬಂದ ಮೇಲೂ ಜನವರಿ ಒಂದರಂದು ಫೋನಿನಲ್ಲಿ ಬೆರಳಾಡಿಸಿ ಕೊಳ್ಳುತ್ತಿದ್ದ. ಆ ಅರ್ಜಿಯಲ್ಲೊಂದು ಪ್ರಶ್ನೆ ಇರುತ್ತದೆ, ನೀವು ರಾಜ್ಯದ ನಿವಾಸಿಯೋ ಅಲ್ಲವೋ ಎಂದು. ನಿವಾಸಿ ಎಂದರೆ ಅರ್ಧ ದರ. ಅವನು ಪ್ರತಿಸಲವೂ ನಿವಾಸಿ ಎಂದೇ ಗುರುತು ಹಾಕಿದ್ದ.

"ಎಷ್ಟು ಮೀನು ಹಿಡಿದೆಯಪ್ಪಾ ಈ ಒಂಬತ್ತು ವರ್ಷದಲ್ಲಿ?"

"ಒಂದೂ ಇಲ್ಲ."

"ಎಷ್ಟು ಸಲ ನಿಮ್ಮೂರಿನ ಹೊಳೆಗೆ ಹೋಗಿದ್ದೆ?"

"ಒಂದ್ಸಲಾನೂ ಇಲ್ಲ."

"ಮತ್ಯಾಕೆ ತಗೊಂಡೆ ಮಾರಾಯಾ?"

ಡೆಲ್ಮರ್ ಗದ್ದ ಕೆರೆದುಕೊಂಡ. "ಅದೇ ನನಗೂ ಗೊತ್ತಾಗ್ತಾ ಇಲ್ಲ," ಎಂದ. ಅವನ ಮುಖದಲ್ಲಿ ಭಯ ಇರಲಿಲ್ಲ. ಬೇರೆಯವರ ಅಂಗಳದಲ್ಲಿ ಕತ್ತೆತ್ತಿ ತಂತಿ ನೋಡುವಾಗಿನ ಮುಖವದು.

ವರ್ನಾ ದಾರಿ ಹುಡುಕಿಬಿಟ್ಟಿದ್ದಳು. ಅದು ಬರೀ ಕೈತಪ್ಪು, ಹಳೇ ಚಟ ಎಂದು ಬರೆಯುವುದು. ಹದಿನೈದನೇ ಇಸವಿಯಲ್ಲೇ ಊರು ಬಿಟ್ಟೆ, ತಿರುಗಿ ಹೋಗುವ ಮನಸ್ಸು ಅಂದಿನಿಂದಲೇ ಇರಲಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕುವುದು. "ಉಳಿದ ಕಾಗದ ಇಷ್ಟೊಂದಿದೆ. ಒಪ್ತಾರೆ. ಒಂದು ಕಾಸೂ ಕಟ್ಟೋದು ಬೇಡ. ಮನೆ ನಿನ್ನದೇ."

ಡೆಲ್ಮರ್ ಪೆನ್ನು ಹಿಡಿದ. ಮತ್ತೆ ಕೆಳಗಿಟ್ಟ.

"ನಾನು ಒಂದು ಚಳಿಗಾಲಕ್ಕೆ ಅಂತ ಬಂದಿದ್ದು ವರ್ನಾ."

"ಸರಿ, ಅದನ್ನ ಯಾರಿಗೆ ಹೇಳ್ತೀಯ?"

"ಯಾರಿಗೂ ಇಲ್ಲ. ಆದ್ರೆ ಬಿಟ್ಟಿದ್ದು ಯಾವಾಗ ಅಂತ ನನಗೇ ಗೊತ್ತಿಲ್ವಲ್ಲ. ಗೊತ್ತಿಲ್ಲದ ತಾರೀಖಿಗೆ ಹೆಂಗೆ ಪ್ರಮಾಣ ಮಾಡ್ಲಿ?"

ಎರಡು ದಿನ ಅವನು ಯಾರ ದೀಪ ಸರಿಮಾಡಲೂ ಹೋಗಲಿಲ್ಲ. ದಂಡೆಯ ಕಟ್ಟೆಯ ಮೇಲೆ ಕೂತು, ಒಂದು ಸಕ್ಕರೆ ಚೀಲದ ಕಾಗದದ ಮೇಲೆ ಉದ್ದಕ್ಕೆ ಗೆರೆ ಎಳೆದು ವರ್ಷಕ್ಕೊಂದರಂತೆ ಒಂಬತ್ತು ಕಂಬ ಬರೆದುಕೊಂಡ. ಮೂರನೇ ದಿನ ಬೆಳಗ್ಗೆ ಅದನ್ನು ವರ್ನಾಳ ಮುಂದೆ ಹರಡಿದ.

"ನೋಡು. ಹತ್ತೊಂಬತ್ತನೇ ಇಸವಿ. ಆ ವರ್ಷ ಊರಲ್ಲಿರೋ ನನ್ನ ತಮ್ಮ ಫೋನ್ ಮಾಡಿ ಬಾ ಅಂದಿದ್ರೆ ಹೊರಡ್ತಿದ್ದೆ. ಹಿಮದ ಬೂಟಿಗೆ ಎಣ್ಣೆ ಸವರಿ ಮಂಚದ ಕೆಳಗೆ ಇಟ್ಟಿದ್ದೆ. ಜೀವ ಇದೆ."

"ಹೂಂ."

"ಇಪ್ಪತ್ಮೂರು. ತಮ್ಮ ನಿಜವಾಗ್ಲೂ ಫೋನ್ ಮಾಡ್ದ. ಪಕ್ಕದ ಮನೆ ಅಗ್ಗಕ್ಕೆ ಬಂದಿದೆ ಅಂತ. ಅವನ ಮಾತು ಮುಗಿಯೋ ಮೊದ್ಲೇ ಬೇಡ ಅಂದ್ಬಿಟ್ಟೆ. ಜೀವ ಇಲ್ಲ."

ವರ್ನಾ ಕನ್ನಡಕ ಏರಿಸಿಕೊಂಡಳು. ಈಗ ಅವಳಿಗೂ ಕುತೂಹಲ.

"ನಡುವೆ ಹಿಡಿ. ಇಪ್ಪತ್ತೊಂದು?"

"ಇದೆ. ಸೋಂಕಿನ ಭಯ. ವಿಮಾನದ ಟಿಕೆಟ್ ನೋಡ್ತಾ ಇದ್ದೆ. ಎರಡು ಪೆಟ್ಟಿಗೆ ಕಟ್ಟಿಟ್ಟಿದ್ದೆ."

"ಪೆಟ್ಟಿಗೆ ಬಿಚ್ಚಿದ್ದು ಯಾವಾಗ?"

"ಅದೇ ಜ್ಞಾಪಕ ಇಲ್ಲ."

"ನನಗಿದೆ!" ಒಲೆಯ ಕಡೆಯಿಂದ ಎಲ್ಪಿದಿಯಾಳ ದನಿ. ಇಂಗ್ಲಿಷಿನ ಆ ಮಾತನ್ನು ಅವಳಿಗೆ ಯಾರು ತಿಳಿಸಿದರೋ, ಅರ್ಧ ಅವಳೇ ಊಹಿಸಿದಳೋ. "ನನ್ನ ಪಿತ್ತಕೋಶದ ಕಲ್ಲು ತೆಗೆದ್ರಲ್ಲ, ಆವಾಗ. ಅಗಲವಾದ ಪಾತ್ರೆ ಬೇಕು ಅಂತ ನೀನೇ ಪೆಟ್ಟಿಗೆ ಬಿಚ್ಚಿ ನಿನ್ನ ಪಾತ್ರೆ ತಂದಿದ್ದೆ. ಹತ್ತು ದಿನ ನನ್ನ ಅಡುಗೆಮನೆ ನಿನ್ನ ಕೈಲಿತ್ತು. ಜೋಳದ ಪೊಸೊಲೆ ಸಾರಿಗೆ ಉಪ್ಪು ಹಾಕಿದ್ಯೋ, ಸರೋವರದಲ್ಲಿ ಮುಳುಗಿಸಿ ತಂದಿದ್ಯೋ ಅಂತ ಗಿರಾಕಿಗಳು ಬಂದು ಆಸ್ಪತ್ರೆಲಿ ನನ್ನ ಹತ್ರ ಅತ್ತರು."

"ಯಾವತ್ತು ದೋನ್ಯಾ ಅದು?"

"ಕಲ್ಲು ತೆಗೆದಿದ್ದು ಇಪ್ಪತ್ತೊಂದನೇ ಇಸವಿ ಕೊನೇ ದಿನ. ಮಾರನೇ ದಿನ ನೀನು ಒಲೆ ಮುಂದೆ."

ವರ್ನಾ ಲಕೋಟೆಯ ಕೊನೆಯ ಹಾಳೆಯನ್ನು ಎಳೆದುಕೊಂಡಳು. ಲೈಸೆನ್ಸಿನ ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೆಳಗಿಳಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಪಟ್ಟಿ ಅಲ್ಲಿಗೇ ಮುಗಿದಿತ್ತು.

"ಇಪ್ಪತ್ತೆರಡರ ಜನವರಿ ಒಂದಕ್ಕೆ ನೀನು ತಗೊಂಡೇ ಇಲ್ಲ."

"ಇಲ್ವಾ?"

"ಇಪ್ಪತ್ಮೂರಕ್ಕೂ ಇಲ್ಲ, ಈ ವರ್ಷಾನೂ ಇಲ್ಲ. ನಿನಗೆ ಗೊತ್ತೇ ಇರ್ಲಿಲ್ವಾ?"

ಡೆಲ್ಮರ್ ಪಟ್ಟಿ ನೋಡಿದ, ಸಕ್ಕರೆ ಚೀಲದ ಕಾಗದ ನೋಡಿದ, ಆಮೇಲೆ ಎಲ್ಪಿದಿಯಾಳ ಒಲೆ ನೋಡಿದ. "ಮರ್ತೇಹೋಗಿದೆ," ಎಂದ ನಿಧಾನವಾಗಿ. "ಐವತ್ತು ವರ್ಷದಲ್ಲಿ ಮೊದಲ್ನೇ ಸಲ. ಅವತ್ತು ಬೆಳಗ್ಗೆ ಜೋಳ ಬೇಯ್ತಾ ಇತ್ತು, ಇಪ್ಪತ್ತು ಜನ ಕಾಯ್ತಾ ಇದ್ರು."

ಮನುಷ್ಯ ಒಂದು ನೆಲವನ್ನು ಬಿಡುವುದು ಗಡಿ ದಾಟಿದಾಗಲೋ, ಮನೆ ಮಾರಿದಾಗಲೋ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಇವನು ಬಿಟ್ಟದ್ದು ಮರೆತ ದಿನ. ಮರೆತದ್ದು ಯಾರಿಗೂ ಕಾಣುವುದಿಲ್ಲ, ಮರೆತವನಿಗೂ.

"ಸಿಕ್ತು," ಎಂದ ಡೆಲ್ಮರ್, ಕೆಟ್ಟ ತಂತಿ ಸಿಕ್ಕಿದಾಗ ಹೇಳುವಂತೆಯೇ.

"ಸಿಕ್ಕಿದ್ದನ್ನ ಇಲ್ಲೇ ಹೂತುಹಾಕು," ಎಂದಳು ವರ್ನಾ. "ಅದನ್ನ ಹೇಳಿದ್ರೆ ಮೊದಲಿನ ನಾಲ್ಕು ವರ್ಷ ನೀನೇ ಒಪ್ಕೊಂಡ ಹಾಗೆ. ನಾಲ್ಕು ವರ್ಷದ್ದು ಕಟ್ಟಿದ್ರೆ ಮನೆಗೆ ಕಾಲುಭಾಗ ಕಮ್ಮಿ ಬೀಳತ್ತೆ. ಹೋಟೆಲಿನವನು ಕಾಯ್ತಾ ಇದಾನೆ, ಮರೀಬೇಡ."

"ಹದಿನೈದರಲ್ಲೇ ಬಿಟ್ಟೆ ಅಂತ ಸುಳ್ಳು ಬರೆದು, ಇಲ್ಲಿ ಮನೆ ತಗೊಂಡು, ಅದರಲ್ಲಿ ಮಲಗೋದಾ?"

"ಎಷ್ಟೋ ಜನ ಮಲಗಿದಾರೆ. ಗೊರಕೇನೂ ಹೊಡೀತಾರೆ."

ಕಚೇರಿಯ ಕಾಗದದಲ್ಲಿ ಒಂದು ಫೋನ್ ನಂಬರ್ ಇತ್ತು. ಡೆಲ್ಮರ್ ಮೇಜಿನ ಮೇಲೇ ಫೋನಿಟ್ಟು, ದನಿ ಎಲ್ಲರಿಗೂ ಕೇಳುವಂತೆ ಮಾಡಿ, ಮಾಡಿಯೇಬಿಟ್ಟ. ಆ ಕಡೆ ಟ್ಯಾಂಕರ್ಸ್‌ಲಿ ಎಂಬ ಹೆಂಗಸು. ತಾಳ್ಮೆಯ ದನಿ, ಅವನದೇ ಗುಡ್ಡದ ಕಡೆಯ ಎಳೆತ. ಅವನು ಕಂಬ ಒಂದೊಂದಾಗಿ ಎಲ್ಲವನ್ನೂ ಹೇಳಿದ. ಬೂಟು, ಪೆಟ್ಟಿಗೆ, ಪಿತ್ತಕೋಶ, ಪೊಸೊಲೆ.

"ಸ್ವಲ್ಪ ತಡೀರಿ ಮಿಸ್ಟರ್ ರೆಕ್ಸ್‌ರೋಡ್," ಎಂದಳು ಆಕೆ. "ಇಪ್ಪತ್ತೊಂದರವರೆಗೂ ನೀವು ನಮ್ಮವರೇ ಅಂತ ನೀವೇ ಹೇಳ್ತಾ ಇದೀರಾ?"

"ಹೌದಮ್ಮ."

"ಜನ ನನಗೆ ಫೋನ್ ಮಾಡೋದು ಇನ್ನೊಂದು ಥರ ಹೇಳೋಕೆ."

"ಗೊತ್ತಮ್ಮ. ಇಲ್ಲೊಬ್ಬರು ನನ್ನ ಕಾಲು ತುಳೀತಾ ಇದಾರೆ."

ಆ ಕಡೆ ನಗು ಕೇಳಿಸಿತು. ಆಮೇಲೆ ಆಕೆ ಗಂಭೀರವಾಗಿ ಕೇಳಿದಳು: "ಈಗ ಹೇಳಿ. ವರ್ಜೀನಿಯಾಕ್ಕೆ ವಾಪಸ್ ಬಂದು ನೆಲೆಸೋ ಉದ್ದೇಶ ಇದೆಯಾ?"

ಡೆಲ್ಮರ್ ಒಲೆಯ ಕಡೆ ತಿರುಗಿದ. ಇದರ ಉತ್ತರವನ್ನು ಅವನು ತನಗೆ ತಾನೂ ಎಂದೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಎಲ್ಪಿದಿಯಾಗೆ ಇಂಗ್ಲಿಷ್ ಬಾರದು, ಆದರೂ ತಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ಇಲ್ಲಮ್ಮ," ಎಂದ ಡೆಲ್ಮರ್. "ಇಲ್ಲ."

ಒಪ್ಪಿಗೆಯ ಕಾಗದ ಬರಲು ಏಳು ವಾರ ಹಿಡಿಯಿತು. ಅವನು ಹೇಳಿದ ತಾರೀಖನ್ನೇ ಅವರು ಬರೆದುಕೊಂಡಿದ್ದರು. ನಾಲ್ಕು ವರ್ಷದ್ದು ಕಟ್ಟಬೇಕು, ಅಲ್ಲಿಂದಾಚೆಗೆ ಏನೂ ಇಲ್ಲ. ಡೆಲ್ಮರ್ ಅಂದೇ ಕಟ್ಟಿದ. ಆಮೇಲೆ ಟೋಪಿ ಕೈಯಲ್ಲಿ ಹಿಡಿದು ಎಲ್ಪಿದಿಯಾಳ ಒಲೆಯ ಮುಂದೆ ನಿಂತ.

"ದೋನ್ಯಾ, ಕಾಲುಭಾಗ ಕಮ್ಮಿ ಆಯ್ತು. ಹೋಟೆಲಿನವನಿಗೆ ಹೇಳ್ಬಿಡಿ."

"ಇವನು ನನಗೆ ಬುದ್ಧಿ ಹೇಳೋಕೆ ಬಂದ," ಎಂದು ಎಲ್ಪಿದಿಯಾ ವರ್ನಾಳ ಕಡೆ ನೋಡಿದಳು. ಕೈಗೆ ಮೆತ್ತಿದ ಹಿಟ್ಟನ್ನು ಉದುರಿಸಿಕೊಂಡು, ಅಂಗಳದ ಬಾಗಿಲಲ್ಲಿ ನಿಂತು, ಕಣ್ಣಲ್ಲೇ ಅಳೆದಳು. "ಮುಕ್ಕಾಲು ದುಡ್ಡಿಗೆ ಮುಕ್ಕಾಲು ಜಾಗ. ಎರಡು ಕೋಣೆ, ಮೇಲಿನ ಸೂರು ನಿಂದು. ಅಂಗಳ ನಂದೇ ಇರ್ಲಿ. ಅಂಗಳ ಇಲ್ದೆ ಹಿಂದಿನ ಜಾಗ ಇಟ್ಕೊಂಡು ಹೋಟೆಲಿನವನು ಏನ್ ಕಟ್ತಾನೆ? ಮಗಳಿಗೆ ನಾನು ಹೇಳ್ಕೋತೀನಿ."

"ಮತ್ತೆ ನಾನು ಒಳಗೆ ಹೋಗೋದು ಬರೋದು?"

"ನನ್ನ ಅಂಗಳದ ಮೇಲೆ. ನನ್ನ ಕೇಳ್ಕೊಂಡು. ದಿನಾ."

ಡೆಲ್ಮರ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಅದನ್ನೂ ಕ್ರಯಪತ್ರದಲ್ಲಿ ಬರೆಸ್ತೀರಾ?"

"ಮೊದಲು ಅದನ್ನೇ ಬರೆಸ್ತೀನಿ," ಎಂದಳು ಎಲ್ಪಿದಿಯಾ. "ಕೂತ್ಕೋ, ತಣ್ಣಗಾಗತ್ತೆ."