ನಡಿಗೆಗೆ ಕಾಲಂ ಇಲ್ಲದ ರಿಜಿಸ್ಟರ್

2021ರ ಜೂನ್‌ನಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಕೋವಿಡ್ ರಿಜಿಸ್ಟರಿನಲ್ಲಿ ನಾಲ್ಕು ಕಾಲಂ: ಜ್ವರ, ಕೆಮ್ಮು, ಆಮ್ಲಜನಕ, ಪರೀಕ್ಷೆಯ ಫಲಿತಾಂಶ. ಒಂದು ಮನೆಯನ್ನೂ ಬಿಟ್ಟಿಲ್ಲ ಎಂಬ ಹೆಮ್ಮೆ ನನಗಿತ್ತು.

ಜೂನ್ 14, ಸೋಮವಾರ. ಕುರಿ ಸಾಕುವ ಚಿತ್ತಯ್ಯಜ್ಜ ನಾಲ್ಕು ವರ್ಷದ ಮೊಮ್ಮಗಳು ಭೂಮಿಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಮೂರು ವಾರದ ಹಿಂದೆ ಅವರ ಮನೆಗೆ ಕೋವಿಡ್ ಬಂದು ಹೋಗಿತ್ತು. ಮಗುವಿಗೆ ಆಗ ಎರಡು ದಿನ ಜ್ವರ, ಅಷ್ಟೇ.

“ಮೇಡಂ, ಹುಡ್ಗಿ ನಡಿಗೆ ಸರಿಯಿಲ್ರಿ. ತಲೆಗೆ ರೋಗ ಏರಿದ ಕುರಿಮರಿ ಹಿಂಗೇ ಒಂದ್ಕಡೆ ವಾಲ್ತೈತೆ.”

“ಅಜ್ಜಾ, ಇದು ಕುರಿ ಆಸ್ಪತ್ರೆ ಅಲ್ಲ” ಎಂದು ನಕ್ಕೆ.

ಜ್ವರವಿಲ್ಲ, ಕೆಮ್ಮಿಲ್ಲ. ಆಮ್ಲಜನಕ 98. ಪರೀಕ್ಷೆ ನೆಗೆಟಿವ್. ಸುಸ್ತಿರಬೇಕು ಎಂದು ಟಾನಿಕ್ ಕೊಟ್ಟೆ. ಮಗು ಬಂದಂತೆಯೇ ಹೆಗಲ ಮೇಲೆ ಹೋಯಿತು. ಅವಳನ್ನು ಒಂದು ಹೆಜ್ಜೆಯೂ ನಡೆಸಿ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಅವಳಿಗೆ ಲೋಟ ಹಿಡಿಯಲಾಗಲಿಲ್ಲ. ಉಪಕೇಂದ್ರಕ್ಕೆ ಕರೆತಂದಾಗ ನನ್ನ ಕಣ್ಣೆದುರೇ ಫಿಟ್ಸ್ ಬಂತು. ಆಂಬುಲೆನ್ಸ್‌ನಲ್ಲಿ ಚಿತ್ರದುರ್ಗಕ್ಕೆ ಓಡಿದೆವು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಕೋವಿಡ್ ವಾರ್ಡಿನವರು, “ನೆಗೆಟಿವ್ ಐತಲ್ಲ, ಇಲ್ಲಿ ಬೇಡ” ಎಂದರು. ಮಕ್ಕಳ ವಾರ್ಡಿನವರು, “ಮನೇಲಿ ಕೋವಿಡ್ ಬಂದಿತ್ತಲ್ಲ, ಅಲ್ಲಿಗೇ ಹೋಗ್ರಿ” ಎಂದರು. ಹೀಗೆ ಕಳೆದದ್ದು ಒಂದು ಗಂಟೆ ಹತ್ತು ನಿಮಿಷ. ಹೋದ ಹೊತ್ತು, ಒಳಗೆ ಸೇರಿಸಿದ ಹೊತ್ತು ಎರಡನ್ನೂ ಸಿಟ್ಟಿನಿಂದ ಅಂಗೈ ಮೇಲೆ ಬರೆದುಕೊಂಡಿದ್ದೆ.

ಕೊನೆಗೆ ಮಕ್ಕಳ ವೈದ್ಯರೊಬ್ಬರು ಒಳಗೆ ಕರೆದುಕೊಂಡರು. ಎಂಆರ್‌ಐ ಸ್ಕ್ಯಾನಿನಲ್ಲಿ ಮಿದುಳಿನಲ್ಲಿ ಅಲ್ಲಲ್ಲಿ ಉರಿಯೂತ ಕಂಡಿತು. ವೈರಸ್ ಹೋದ ಮೇಲೂ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ನರಗಳ ಹೊದಿಕೆಯನ್ನೇ ಹಾಳುಮಾಡುವ ಕಾಯಿಲೆ. ಅಪರೂಪಕ್ಕೆ ಮಕ್ಕಳಲ್ಲಿ ಹೀಗಾಗುತ್ತದೆ ಎಂದರು. ಐದು ದಿನ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು.

“ಸೋಮವಾರವೇ ಕರ್ಕೊಂಡು ಬಂದಿದ್ರೆ?” ಎಂದು ಕೇಳಿದೆ.

“ಹೇಳಕ್ಕಾಗಲ್ಲಮ್ಮ” ಎಂದರು. ಬೈದಿದ್ದರೆ ಮೇಲಿತ್ತು.

ಆಗಸ್ಟ್‌ನಲ್ಲಿ ಭೂಮಿಕ ಉಪಕೇಂದ್ರಕ್ಕೆ ನಡೆದೇ ಬಂದಳು. ಎಡಗಾಲು ಮಾತ್ರ ತುಸು ಎಳೆಯುತ್ತಿತ್ತು. ನಾನು ಅಂದು ನಕ್ಕಿದ್ದಕ್ಕೆ ಅಜ್ಜನ ಕ್ಷಮೆ ಕೇಳಿದೆ.

“ಇರ್ಲಿ ಬಿಡಮ್ಮ. ಕುರಿ ಆಸ್ಪತ್ರೆ ಆಗಿದ್ರೆ ಮೊದ್ಲು ನಡೆಸಿ ನೋಡ್ತಿದ್ರು” ಎಂದರು.

ಅಂದೇ ಐದನೆಯ ಕಾಲಂ ಎಳೆದೆ: ನಡಿಗೆ. ಈಗ ಯಾವ ಮಗು ಬಂದರೂ ಮೊದಲು ಕೆಳಗಿಳಿಸಿ, ಬಾಗಿಲಿನಿಂದ ಮೇಜಿನವರೆಗೆ ನಡೆಸುತ್ತೇನೆ. ಮನೆಯವರು ಏನು ನೋಡಿದರೆಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಮೇಲಿನಿಂದ ಬರುವ ಅಚ್ಚಿನ ರಿಜಿಸ್ಟರಿನಲ್ಲಿ ಇವತ್ತಿಗೂ ಆ ಕಾಲಂ ಇಲ್ಲ. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ನಾನೇ ಗೆರೆ ಹಾಕುತ್ತೇನೆ.