ಯಾರ ಬಲಗಡೆ

ಯಂತ್ರ ಕೆಟ್ಟದ್ದು ಬಸ್ಸಿನ ಕುಲುಕಾಟಕ್ಕೆ ಅಂತ ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಬಸ್ಸಿನಲ್ಲಿ ಬಂದವರು ಯಾರೂ ಈ ಮಾತನ್ನು ಅನುಮಾನಿಸುವುದಿಲ್ಲ. ನಾನು ಒಪ್ಪುವುದಿಲ್ಲ. ಕುಲುಕಿದರೆ ಬೆಸುಗೆ ಬಿಡಬಹುದು, ಟ್ರಾನ್ಸಿಸ್ಟರ್ ಸುಡುವುದಿಲ್ಲ. ನಮ್ಮವು ಸುಟ್ಟಿದ್ದವು.

ಅಪ್ಪ ಅರಸೀಕೆರೆಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ಕಿವಿ ಮಂದವಾಗುತ್ತಾ ಬಂದಿತ್ತು. ತುಟಿ ನೋಡಿಕೊಂಡು ಹೇಗೋ ಪಾಠ ನಡೆಸುತ್ತಿದ್ದರು. ರಜೆ ಮುಗಿದ ಮೇಲೆ ಇನ್‌ಸ್ಪೆಕ್ಟರು ಬಂದು ಪರೀಕ್ಷಿಸುತ್ತಾರೆ, ಕೇಳಿಸದಿದ್ದರೆ ಕೆಲಸ ಹೋಗುತ್ತದೆ ಅಂತ ಗೊತ್ತಾಯಿತು. ಮೇಜಿನ ಮೇಲಿಟ್ಟುಕೊಳ್ಳುವಂಥ ಒಂದು ಕೇಳುವ ಯಂತ್ರ ನಾವೇ ಮಾಡೋಣ ಅಂತ ಹೊರಟೆವು, ನಾನು ಮತ್ತು ಕಾಲೇಜಿನ ನನ್ನ ಗೆಳೆಯ. ಅವನು ಬೇಲೂರಿನ ಅರ್ಚಕರ ಮಗ, ರೇಡಿಯೋ ರಿಪೇರಿ ಕಲಿತಿದ್ದ.

"ಎಲ್ಲಾ ಒಂದೇ ಬೋರ್ಡಲ್ಲಿ ಮುಗಿಸೋಣ ಕಣೋ," ಅಂದ.

"ತಪ್ಪಾದ್ರೆ ಎಲ್ಲಿ ಅಂತ ಹುಡುಕ್ತೀಯ? ಮೈಕಿಗೊಂದು, ದನಿ ದೊಡ್ಡದು ಮಾಡೋದಕ್ಕೊಂದು, ಬ್ಯಾಟರಿಗೊಂದು. ಮೂರು ಮಾಡು. ಯಾವುದು ಕೆಟ್ಟಿದೆ ಅಂತ ತಾನೇ ಹೇಳುತ್ತೆ."

"ಮೂರು ಮಾಡಿದ್ರೆ ಜೋಡಿಸೋ ಜಾಗ ಜಾಸ್ತಿ ಆಗುತ್ತೆ."

"ಜೋಡಿಸೋದಕ್ಕೆ ಹೆದರೋನು ಹೊಲಿದ ಬಟ್ಟೆ ಹಾಕಬಾರದು," ಅಂದೆ. ಅವನು ಪಂಚೆ ಉಟ್ಟಿದ್ದ. ತಾನೇ ನಕ್ಕುಬಿಟ್ಟ.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನನಗೊಂದು ಚಾಳಿ ಬಿದ್ದಿತ್ತು: ಎದುರಿನವನು ಸುಮ್ಮನಾದರೆ ಒಪ್ಪಿದ ಅಂತಲೇ ತಿಳಿಯುವುದು.

ಮೈಕಿನ ಬೋರ್ಡು, ಬ್ಯಾಟರಿ ಬೋರ್ಡು ಅರಸೀಕೆರೆಯಲ್ಲಿ ನನ್ನ ಪಾಲಿಗೆ. ನಡುವಿನ ದೊಡ್ಡದು ಬೇಲೂರಿನಲ್ಲಿ ಅವನ ಪಾಲಿಗೆ. ಬೇಕಲೈಟ್ ಹಲಗೆಗೆ ತೂತು ಕೊರೆದು, ಹಿತ್ತಾಳೆ ಮೊಳೆ ಕೂರಿಸಿ, ಬೆಸುಗೆ ಹಾಕಿದೆವು. ಬೋರ್ಡುಗಳು ಸೇರುವ ಅಂಚಿನ ಬಗ್ಗೆ ನಾನು ಅವನಿಗೊಂದು ಕಾರ್ಡು ಬರೆದೆ: ಬಲಗಡೆ ಮೊಳೆ ಪ್ಲಸ್, ಎಡಗಡೆಯದು ಮೈನಸ್, ನಡುವಿನದು ದನಿ. ಇಷ್ಟೇ. ಅವನದು ಅವನ ಸೆಲ್ಲುಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ನನ್ನವೂ ಮಾಡಿದವು.

ಭಾನುವಾರ ಬೆಳಿಗ್ಗೆ ಅವನು ತನ್ನ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದ. ಇನ್‌ಸ್ಪೆಕ್ಟರು ಬರುವುದು ಮಾರನೇ ದಿನ. ಮೂರನ್ನೂ ಜಗಲಿಯ ಮೇಲೆ ಸಾಲಾಗಿಟ್ಟೆವು. ಬೋರ್ಡುಗಳನ್ನು ಸೇರಿಸಲು ನಾನು ಮಾಡಿಟ್ಟಿದ್ದ ಪ್ಲಗ್ಗು ಹಿಡಿದು ಅವನು ಒಂದು ಗಳಿಗೆ ನನ್ನ ಮುಖ ನೋಡಿದ.

"ಸಿಕ್ಕಿಸೋ, ಮುಹೂರ್ತ ನೋಡ್ತೀಯೇನು?" ಅಂದೆ. ಸಿಕ್ಕಿಸಿದ.

ಅಪ್ಪ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು ಕೂತಿದ್ದರು. ಸ್ವಿಚ್ ಹಾಕಿ ಮೈಕಿನ ಹತ್ತಿರ ಬಾಯಿಟ್ಟೆ.

"ಕೇಳಿಸ್ತಾ ಅಪ್ಪ?"

ನನ್ನ ತುಟಿಯನ್ನೇ ನೋಡುತ್ತಿದ್ದವರು, "ಹೂಂ, ಚೆನ್ನಾಗಿ ಕೇಳಿಸ್ತು," ಅಂದರು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಟ್ರಾನ್ಸಿಸ್ಟರ್ ಮುಟ್ಟಿದರೆ ಬೆರಳು ಚುರ್ರೆಂದಿತು.

"ಪ್ಲಸ್ಸು ಬಲಗಡೆ ಅಂತ ಬರೆದಿದ್ದೆನಲ್ಲೋ."

"ಬಲಗಡೆಗೇ ಕೊಟ್ಟಿದೀನಿ."

"ಇದು ಎಡ."

"ನಿನಗೆ ಎಡ. ಬೋರ್ಡಿಗೆ ಬಲ."

ಅವರ ಮನೆಯಲ್ಲಿ ಬಲ ಅಂದರೆ ದೇವರ ಬಲ. ದೀಪ ಬಲಕ್ಕಿಡು ಅಂದರೆ, ಎದುರು ನಿಂತವನು ತನ್ನ ಎಡಕ್ಕಿಡಬೇಕು. ಹುಟ್ಟಿದಾಗಿನಿಂದ ಹಾಗೇ ಎಣಿಸಿದವನು. ನೋಡುವವನದೇ ಬಲ ಅಂತ ನಾನು. ವಾದ ಶುರುಮಾಡುವ ಮುಂಚೆ ಮಾತಿನ ಅರ್ಥ ಗೊತ್ತುಮಾಡಿಕೊಳ್ಳಬೇಕು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವನೂ ನಾನೇ.

ಬೇರೆ ಟ್ರಾನ್ಸಿಸ್ಟರ್ ಬೆಂಗಳೂರಿನಿಂದಲೇ ಬರಬೇಕಿತ್ತು. ಸೋಮವಾರ ಇನ್‌ಸ್ಪೆಕ್ಟರು ಹಾಜರಿ ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡೇ, ಇವತ್ತು ಎಷ್ಟು ಜನ ಬಂದಿಲ್ಲ ಅಂತ ಕೇಳಿದರಂತೆ. ತುಟಿ ಕಾಣಲಿಲ್ಲ. "ಮಕ್ಕಳಿಗೆ ಮಧ್ಯಾಹ್ನದ ಉಪ್ಪಿಟ್ಟು ಚೆನ್ನಾಗೇ ಮಾಡ್ತಾರೆ ಸ್ವಾಮಿ," ಅಂದರಂತೆ ಅಪ್ಪ. ಮಕ್ಕಳು ನಕ್ಕವು. ಆ ವರ್ಷವೇ ಅವರನ್ನು ಮನೆಗೆ ಕಳಿಸಿದರು. ಈಗ ಅವರು ಯಾರ ತುಟಿಯನ್ನೂ ನೋಡುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಹೊಸದು ಮಾಡಿ ತಂದರೆ ಕಿವಿಗೆ ಮುಟ್ಟಿಸಲೂ ಬಿಡಲಿಲ್ಲ.

ಹೋದ ತಿಂಗಳು ಗೆಳೆಯ ಬಂದಿದ್ದ. ಅಮ್ಮ ಅವನ ಮುಂದೆಯೂ ಬಸ್ಸನ್ನೇ ಬೈದಳು. ಅವನು ತಲೆಯಾಡಿಸಿದ. ಸ್ಟೇಷನ್ನಿಗೆ ನಡೆಯುವಾಗ ತಡೆಯಲಾರದೆ ಕೇಳಿದೆ:

"ಸಿಕ್ಕಿಸೋ ಮುಂಚೆ ನನ್ನ ಮುಖ ನೋಡಿದೆಯಲ್ಲ, ಯಾರ ಬಲ ಅಂತ ಆಗಲೇ ಅನುಮಾನ ಬಂದಿತ್ತೇನೋ? ನನ್ನ ಹತ್ತಿರ ವಾದ ಮಾಡೋದಕ್ಕಿಂತ ಸುಟ್ಟುಹೋದ್ರೂ ವಾಸಿ ಅನ್ನಿಸಿತಾ?"